ಹಳಿಯಿಲ್ಲದ ಊರಿನಿಂದ ನಿಲ್ದಾಣದ ಚರಿತ್ರೆ ಬರೆಯುವುದು

ಕೊಡಗಿಗೆ ರೈಲು ಹಳಿಯೇ ಇಲ್ಲ. ಮಡಿಕೇರಿಯ ನಮಗೆ ‘ನಮ್ಮ ಸ್ಟೇಷನ್’ ಎಂದರೆ ಸುಮಾರು 120 ಕಿಲೋಮೀಟರ್ ಆಚೆಯ ಮೈಸೂರು. ಅದರ ಚರಿತ್ರೆ ಬರೆಯಲು ಕಡತಕ್ಕಿಂತ ಮೊದಲು ಮನೆಯ ಹಿರಿಯರ ಬಳಿ ಕೂರಿ. ‘ಯಾವಾಗ ಹೋದಿರಿ’ ಎನ್ನಬೇಡಿ, ಇಸವಿ ನೆನಪಿರುವುದಿಲ್ಲ. ‘ಬುತ್ತಿಗೆ ಏನು ಕಟ್ಟಿದ್ದಿರಿ’ ಎಂದು ಕೇಳಿ. ನನ್ನಜ್ಜಿ ಕಡಂಬುಟ್ಟಿನಿಂದ (ಅಕ್ಕಿ ತರಿಯ ಕಡುಬು) ಶುರುಮಾಡಿ, ಚಿಕ್ಕ ಹಳಿಯ ಗಾಡಿಯ ಹೊಗೆ, ಸೀರೆ ಸೆರಗು ಸುಟ್ಟ ಕಲ್ಲಿದ್ದಲ ಕಿಡಿಯವರೆಗೂ ಹೇಳಿದರು. ಎಷ್ಟು ಚಂದ!

ಆಮೇಲೆ ಇಸವಿ ಜೋಡಿಸಿ. ಬೆಂಗಳೂರಿನಿಂದ ಮೀಟರ್ ಗೇಜ್ ಮೈಸೂರು ಮುಟ್ಟಿದ್ದು 1882ರಲ್ಲಿ. ಅದರ ಎರಡು ಹಳಿಗಳ ನಡುವಿನ ಅಗಲ 1,000 ಮಿಲಿಮೀಟರ್, ಈಗಿನ ಬ್ರಾಡ್ ಗೇಜಿನದು 1,676. ‘ಚಿಕ್ಕ ಹಳಿ’ ಎಂದರೆ ಮೀಟರ್ ಗೇಜ್; ಆ ಒಂದೇ ಮಾತು ನೆನಪು ಬ್ರಾಡ್ ಗೇಜಿಗಿಂತ ಮುಂಚಿನದೆಂದು ತಿಳಿಸುತ್ತದೆ. ಹಳೆಯ ರಟ್ಟಿನ ಟಿಕೆಟ್ ಸಿಕ್ಕರೆ ಪುಸ್ತಕಕ್ಕೆ ಅಂಟಿಸಬೇಡಿ. ತಾರೀಖು ಅಂಚಿನಲ್ಲಿ ಒತ್ತಿರುತ್ತದೆ, ಅಂಟಿಸಿದರೆ ಅದು ಕಾಣದೆ ಹೋದೀತು.