ಲೈವ್ ಮಾಡಿದರೆ ದುಡ್ಡು ಕೊಡುವವರು ಯಾರು? ನನ್ನ ಅನುಭವ

ಲೈವ್ ಮಾಡುವವರಿಗೆ ಜಾಹೀರಾತಿನಿಂದಲೇ ದುಡ್ಡು ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಜಾಹೀರಾತು ಯಾವತ್ತೂ ಕಡೆಯ ಸಾಲು. ನಾನು ಗೇಮ್ ಆಡುತ್ತಾ ಲೈವ್ ಮಾಡುತ್ತೇನೆ. ನನಗೆ ದುಡ್ಡು ಕೊಡುವವರು ತಪ್ಪದೆ ಬಂದು ಕೂರುವ ಒಂದಷ್ಟು ಜನ, ಇಣುಕಿ ಹೋಗುವವರಲ್ಲ.

ನಾನು ಶುರು ಮಾಡಿದ್ದು ಲೈವ್ ವಿಡಿಯೋಗಳ ವೇದಿಕೆಯಾದ ಟ್ವಿಚ್‌ನಲ್ಲಿ. ಅಲ್ಲಿ ಗಳಿಸಬೇಕಾದರೆ ಮೊದಲು ಅಫಿಲಿಯೇಟ್, ಅಂದರೆ ಗಳಿಸಲು ಟ್ವಿಚ್ ಒಪ್ಪಿಗೆ ಕೊಟ್ಟ ಚಾನೆಲ್, ಆಗಬೇಕು. ನಾನು ಸೇರುವಾಗ ಇದ್ದ ಷರತ್ತು: 50 ಫಾಲೋವರ್ಸ್, 30 ದಿನದೊಳಗೆ 7 ದಿನ ಲೈವ್, ಒಟ್ಟು 500 ನಿಮಿಷ, ಸರಾಸರಿ 3 ನೋಡುಗರು. ಬೆವರಿಳಿಸಿದ್ದು ಆ ಕೊನೆಯ 3! ಫಾಲೋ ಒತ್ತೋಕೆ ಎಷ್ಟೊತ್ತು ಬೇಕು? ಕೂತು ನೋಡೋಕೆ ಕಾರಣ ಬೇಕು. ಅದಕ್ಕೇ ದಿನ, ಸಮಯ ಗೊತ್ತು ಮಾಡಿಕೊಂಡೆ. ದೊಡ್ಡ ಗೇಮ್‌ಗಳನ್ನು ಬಿಟ್ಟೆ. ಒಂದು ಗೇಮ್ ಆಡುತ್ತಿರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ನೋಡುಗರು ಇರುವವರೇ ಮೇಲಿರುತ್ತಾರೆ, ಅಲ್ಲಿ ಹೊಸಬರು ತಳ ಸೇರುತ್ತಾರೆ. ಚಾಟ್ ಖಾಲಿ ಇದ್ದಾಗಲೂ ಬಾಯಿ ಮುಚ್ಚಲಿಲ್ಲ. ಯಾರಾದರೂ ಒಳಗೆ ಬಂದಾಗ ನಾವು ಸುಮ್ನೆ ಕೂತಿದ್ದರೆ ಅವರು ಹಾಗೇ ಹೊರಟುಬಿಡುತ್ತಾರೆ.

ಹೆಚ್ಚಿನ ಗಳಿಕೆ ಸಬ್‌ಗಳಿಂದ, ಅಂದರೆ ನೋಡುಗರು ಚಾನೆಲ್‌ಗೆ ಕೊಡುವ ತಿಂಗಳ ಚಂದಾದಿಂದ. ಅಮೆರಿಕದ ದರದಲ್ಲಿ ಮೊದಲ ಹಂತದ ಸಬ್ ಬಹುಕಾಲ ತಿಂಗಳಿಗೆ 4.99 ಡಾಲರ್ ಇತ್ತು. ನಮ್ಮಂಥ ಸಣ್ಣವರಿಗೆ ಸಿಗುವುದು ಅದರಲ್ಲಿ ಅರ್ಧ. ಅಮೆಜಾನ್ ಪ್ರೈಮ್ ಇದ್ದವರು ತಿಂಗಳಿಗೆ ಒಂದು ಸಬ್ ಪುಕ್ಕಟೆ ಕೊಡಬಹುದು. ಆದರೆ ಅದು ತಾನಾಗಿ ಮುಂದುವರಿಯುವುದಿಲ್ಲ, ಪ್ರತಿ ತಿಂಗಳೂ ಅವರೇ ಒತ್ತಬೇಕು. ಮುಜುಗರ ಬಿಟ್ಟು ನೆನಪಿಸಬೇಕು, ಬೇರೆ ದಾರಿ ಇಲ್ಲ. ಜನ ಸಬ್ ಆಗುವುದಾದರೂ ಯಾಕೆ? ನನ್ನ ಚಾನೆಲ್‌ನಲ್ಲಿ ಅದಕ್ಕೆ ದೊಡ್ಡ ಕಾರಣ ಎಮೋಟ್, ಅಂದರೆ ಸಬ್ ಆದವರು ಚಾಟ್‌ನಲ್ಲಿ ಹಾಕಬಹುದಾದ ಚಾನೆಲ್‌ನದೇ ಪುಟ್ಟ ಚಿತ್ರ. ಚಾಟ್‌ನಲ್ಲೇ ಹುಟ್ಟಿದ ಒಂದು ತಮಾಷೆಯನ್ನು ಎಮೋಟ್ ಮಾಡಿಸಿದೆ. ಅದನ್ನು ಬಳಸೋಕೆ ಅಂತಲೇ ಸಬ್ ಆದವರಿದ್ದಾರೆ. ನೋಡೋಕೆ ಚೆನ್ನಾಗಿದ್ದ ಬೇರೆ ಎಮೋಟ್‌ಗಳನ್ನು ಯಾರೂ ಮುಟ್ಟಲಿಲ್ಲ. ಒಬ್ಬರು ತಮ್ಮ ದುಡ್ಡಿನಲ್ಲಿ ಬೇರೆ ನೋಡುಗರಿಗೆ ಐದು ಸಬ್ ಗಿಫ್ಟ್ ಕೊಟ್ಟರೆ ಇನ್ನೊಬ್ಬರಿಗೂ ಹುಮ್ಮಸ್ಸು ಬರುತ್ತದೆ. ಆಗ ಆಟ ನಿಲ್ಲಿಸಿ, ಹೆಸರು ಹೇಳಿ, ಒಂದೆರಡು ಮಾತಾಡುತ್ತೇನೆ.

ಬಿಟ್ಸ್ ಅಂದರೆ ನೋಡುಗರು ಟ್ವಿಚ್‌ನಿಂದ ಕೊಂಡು ಚಾಟ್‌ನಲ್ಲಿ ನಮಗೆ ಕಳಿಸುವ ಟೋಕನ್. ಅದರ ಲೆಕ್ಕ ಸುಲಭ, ಒಂದು ಬಿಟ್‌ಗೆ ನಮಗೆ ಒಂದು ಸೆಂಟ್.

ನೇರವಾಗಿ ಕಳಿಸುವ ಟಿಪ್‌ನಲ್ಲಿ ವೇದಿಕೆಗೆ ಪಾಲಿಲ್ಲ, ಪಾವತಿ ಕಂಪನಿಯ ಶುಲ್ಕ ಮಾತ್ರ. ಕೇಳೋಕೆ ಇದೇ ಲಾಭ ಅನಿಸುತ್ತದೆ ಅಲ್ವಾ? ಆದರೆ ಇಲ್ಲಿ ಚಾರ್ಜ್‌ಬ್ಯಾಕ್ ಅನ್ನುವ ಕಾಟ ಇದೆ. ಕೊಟ್ಟವರು ಕೆಲವು ವಾರ ಬಿಟ್ಟು ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯಬಹುದು. ಅದರ ಮೇಲೆ ನಮಗೆ ದಂಡ ಬೇರೆ. ನನಗೂ ಒಂದು ದೊಡ್ಡ ಟಿಪ್ ಹೀಗೆ ಹೋಯಿತು. ಗುರುತಿಲ್ಲದವರು ಏಕಾಏಕಿ ದೊಡ್ಡ ಮೊತ್ತ ಕಳಿಸಿದರೆ ಥ್ಯಾಂಕ್ಸ್ ಹೇಳುತ್ತೇನೆ, ಆ ಹಣವನ್ನು ಮಾತ್ರ ಕೆಲವು ತಿಂಗಳು ಮುಟ್ಟುವುದಿಲ್ಲ.

ಜಾಹೀರಾತಿನ ತೊಂದರೆ ಏನೆಂದರೆ, ಹೊಸಬರು ಬಾಗಿಲಲ್ಲೇ ಅದನ್ನು ನೋಡಿ ಓಡುತ್ತಾರೆ. ಗಂಟೆಗೆ ಮೂರು ನಿಮಿಷ ನಾವೇ ಜಾಹೀರಾತು ಹಾಕಿದರೆ ಟ್ವಿಚ್ ಬಾಗಿಲ ಜಾಹೀರಾತನ್ನು ನಿಲ್ಲಿಸುತ್ತದೆ. ಹಾಗಾಗಿ ಮ್ಯಾಚ್ ಮುಗಿದು ನೀರು ಕುಡಿಯೋಕೆ ಎದ್ದಾಗ ಹಾಕುತ್ತೇನೆ.

ಸ್ಪಾನ್ಸರ್‌ಗಳು ನನ್ನ ಫಾಲೋವರ್ಸ್ ಎಷ್ಟು ಅಂತ ಕೇಳಲೇ ಇಲ್ಲ. ಒಂದು ಹೊತ್ತಿಗೆ ಸರಾಸರಿ ಎಷ್ಟು ಜನ ನೋಡುತ್ತಾರೆ ಅಂತ ಕೇಳಿದರು. ಅಲ್ಲೂ ಕೆಲಸಕ್ಕೆ ಬಂದದ್ದು ಆ ಕೂರುವ ಜನವೇ. ಸ್ಪಾನ್ಸರ್ ಇರುವ ಲೈವ್‌ನಲ್ಲಿ, ಇದು ದುಡ್ಡು ಪಡೆದು ಮಾಡುತ್ತಿರುವ ಪ್ರಚಾರ ಅಂತ ನೋಡುಗರಿಗೆ ಮೊದಲೇ ಹೇಳುತ್ತೇನೆ. ನಂಬಿಕೆ ಹೋದರೆ ಸಬ್‌ಗಳೂ ಹೋಗುತ್ತವೆ.

2023ರಲ್ಲಿ ಟ್ವಿಚ್ ಒಂದೇ ಹೊತ್ತಿಗೆ ಬೇರೆ ಕಡೆಯೂ ಲೈವ್ ಮಾಡಲು ಬಿಟ್ಟಿತು. ಆಮೇಲೆ ಯೂಟ್ಯೂಬ್‌ಗೂ ಕಳಿಸತೊಡಗಿದೆ. ಅಲ್ಲಿ ಸೂಪರ್ ಚಾಟ್ (ದುಡ್ಡು ಕೊಟ್ಟು ಹಾಕುವ ಚಾಟ್ ಸಂದೇಶ), ಮೆಂಬರ್‌ಶಿಪ್ (ಸಬ್‌ನಂತೆ ತಿಂಗಳ ಚಂದಾ) ಎರಡರಲ್ಲೂ ನಮಗೆ 70% ಪಾಲು, ಕೇಳೋಕೆ ಚೆಂದ. ಆದರೆ ಟ್ವಿಚ್‌ನಲ್ಲಿ 50 ಡಾಲರ್, ಯೂಟ್ಯೂಬ್‌ನಲ್ಲಿ 100 ಡಾಲರ್ ಸೇರುವ ತನಕ ಹಣ ಕೈಗೆ ಬರುವುದಿಲ್ಲ. ಸಣ್ಣ ಚಾನೆಲ್‌ನ ದುಡ್ಡು ಎರಡು ಕಡೆ ಹಂಚಿಹೋದರೆ ಎಲ್ಲೂ ಮಿತಿ ಮುಟ್ಟದೆ ಕೂರುತ್ತದೆ. ಅದಕ್ಕೇ ಸಬ್ ಆಗಿ ಅಂತ ನಾನು ಕೇಳುವುದು ಈಗಲೂ ಟ್ವಿಚ್‌ನಲ್ಲಿ ಮಾತ್ರ.