ರಾತ್ರಿ ಲೆನ್ಸ್: ಹಾಕೋದು ಸುಲಭ, ತೆಗೆಯೋದೇ ಕಷ್ಟ

ಮಕ್ಕಳ ಮೈನಸ್ ಪವರ್ ಏರುವ ವೇಗ ತಗ್ಗಿಸಲು ಕೊಡುವ ಗಟ್ಟಿ ಲೆನ್ಸ್ ಆರ್ಥೋ-ಕೆ. ರಾತ್ರಿಯಿಡೀ ಕಣ್ಣಲ್ಲಿದ್ದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ನಡುಭಾಗ ಕೊಂಚ ಚಪ್ಪಟೆಯಾಗುತ್ತದೆ, ಹಗಲಲ್ಲಿ ಕನ್ನಡಕ ಬೇಕಾಗುವುದಿಲ್ಲ. ಹಾಕುವುದು ಬಿಟ್ಟರೆ ಪವರ್ ವಾಪಸ್. ಹಳೇ ಕನ್ನಡಕ ಎಸೆಯಬೇಡಿ.

ಮೊದಲು ಕಾರ್ನಿಯಾದ ಟೊಪೊಗ್ರಫಿ, ಅಂದರೆ ಅದರ ಆಕಾರದ ನಕ್ಷೆ ತೆಗೆಯುವ ಪರೀಕ್ಷೆ, ಆಗಲೇಬೇಕು. ಬರೀ ಪವರ್ ನೋಡಿ ಲೆನ್ಸ್ ಕೊಡುವವರ ಹತ್ತಿರ ಹೋಗಲೇಬೇಡಿ.

ಹಾಕುವುದಕ್ಕೆ ಮೇಜೇ ಸರಿ, ಬೇಸಿನ್ ಬೇಡ. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಮಗುವಿನ ತಲೆಗೆ ಆಗಷ್ಟೇ ಎಣ್ಣೆ ಹಚ್ಚಿದ ಕೈಯಂತೂ ಬೇಡವೇ ಬೇಡ. ಲೆನ್ಸಿಗೆ ಕಣ್ಣು ಒದ್ದೆ ಮಾಡುವ ಡ್ರಾಪ್ಸ್ ತುಂಬಿ, ಮಗು ಮುಖ ಬಗ್ಗಿಸಿದಾಗ ಇಡಿ. ಆಗ ಗುಳ್ಳೆ ಸೇರುವುದಿಲ್ಲ.

ಎಡವಟ್ಟೆಲ್ಲ ಆಗೋದು ಬೆಳಿಗ್ಗೆ. ಕೆಳಗೆ ಸ್ಕೂಲ್ ವ್ಯಾನಿನ ಹಾರ್ನ್, ಇಲ್ಲಿ ನಮ್ಮನೆಯವರ ಕೈಯಲ್ಲಿ ಪ್ಲಂಜರ್ (ಲೆನ್ಸನ್ನು ಹೀರಿ ಎಳೆಯುವ ಪುಟ್ಟ ರಬ್ಬರ್ ಕಡ್ಡಿ). ಒತ್ತಿದರು, ಎಳೆದರು, ಮಗ ಕಿರುಚಿದ. ನೋಡಿದರೆ ಲೆನ್ಸ್ ರಾತ್ರಿಯೇ ಜಾರಿ ದಿಂಬಿನ ಮೇಲೆ ಬಿದ್ದಿತ್ತು! ಪ್ಲಂಜರ್ ಕಚ್ಚಿದ್ದು ಬರೀ ಕಣ್ಣಿಗೆ. ಅದಕ್ಕೇ ಮೊದಲು ಟಾರ್ಚ್ ಹಿಡಿದು ಲೆನ್ಸ್ ಎಲ್ಲಿದೆ ನೋಡಿ. ಆಮೇಲೆ ಎರಡು ಹನಿ ಡ್ರಾಪ್ಸ್ ಬಿಟ್ಟು, ಐದು ನಿಮಿಷ ಕಣ್ಣು ಮಿಟುಕಿಸಲು ಹೇಳಿ. ಮಿಟುಕಿಸಿದಾಗ ಲೆನ್ಸ್ ಅಲ್ಲಾಡಬೇಕು. ಅಲ್ಲಾಡದಿದ್ದರೆ ಅಂಟಿಕೊಂಡಿದೆ ಎಂದರ್ಥ. ಮಗು ಮೇಲೆ ನೋಡಲಿ, ನೀವು ಕೆಳರೆಪ್ಪೆಯ ಅಂಚಿನಿಂದ ಲೆನ್ಸಿನ ಕೆಳಗಿನ ಬಿಳಿಭಾಗವನ್ನು ಮೆಲ್ಲಗೆ ಒತ್ತಿ. ಕೆಳಗೆ ನೋಡಿದಾಗ ಮೇಲ್ರೆಪ್ಪೆಯಿಂದ ಹಾಗೇ ಮಾಡಿ. ಸಡಿಲವಾದ ಮೇಲಷ್ಟೇ ಪ್ಲಂಜರ್, ಅದೂ ನಡುವೆ ಅಲ್ಲ, ಲೆನ್ಸಿನ ಕೆಳ ಅಂಚಿಗೆ. ಅಂಚು ಎದ್ದರೆ ಲೆನ್ಸ್ ತಾನೇ ಬರುತ್ತದೆ. ಬರಲಿಲ್ಲವೋ, ಮತ್ತೆ ಡ್ರಾಪ್ಸ್, ಮತ್ತೆ ಐದು ನಿಮಿಷ. ಆಗಲೂ ಬರದಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡಿ. ವ್ಯಾನ್ ಹೋದರೆ ಹೋಗಲಿ, ಆಟೋ ಇದೆಯಲ್ವಾ?

ಲೆನ್ಸನ್ನು ಅಂಗೈಯಲ್ಲಿ ಸಲ್ಯೂಷನ್ ಹಾಕಿ ಉಜ್ಜಿ. ನೀರು ಮಾತ್ರ ಮುಟ್ಟಿಸಬೇಡಿ. ಬೋರ್‌ವೆಲ್, ಕಾವೇರಿ, ಫಿಲ್ಟರ್, ಯಾವುದೂ ಬೇಡ. ನೀರಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹತ್ತಿದರೆ ದೃಷ್ಟಿಯೇ ಹೋಗಬಹುದು. ಡಬ್ಬಿಗೂ ಇದೇ ನಿಯಮ. ಪೆರಾಕ್ಸೈಡ್ ಸಲ್ಯೂಷನ್ ಚೆನ್ನಾಗಿ ತೊಳೆಯುತ್ತದೆ, ಆದರೆ ನೇರವಾಗಿ ಕಣ್ಣಿಗೆ ಹೋದರೆ ಉರಿದುಹೋಗುತ್ತದೆ. ಅದರದ್ದೇ ಡಬ್ಬಿಯಲ್ಲಿ, ಬಾಟಲಿ ಮೇಲೆ ಬರೆದಷ್ಟು ಗಂಟೆ ನೆನೆಯಲೇಬೇಕು. ಮರೆಗುಳಿಗಳ ಮನೆಗೆ ಅದು ಬೇಡ.

ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ಚುಚ್ಚಿದರೆ, ಆ ರಾತ್ರಿ ಲೆನ್ಸ್ ಹಾಕಬೇಡಿ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನವರು ಸುಮ್ನೆ ಕೊಡುವ ಡ್ರಾಪ್ಸ್ ಹಾಕಬೇಡಿ, ಅದರಲ್ಲಿ ಸ್ಟಿರಾಯ್ಡ್ ಇದ್ದೀತು. ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ ಹಾಗೇ ತೆಗೆದುಕೊಂಡು ಹೋಗಿ, ಡಾಕ್ಟರ್ ಕೇಳಬಹುದು.