ಹಾಲಿಲ್ಲ ಎನ್ನುವ ಮೊದಲು ಕೂಸಿನ ಬಾಯಿ ನೋಡಿ

ಬಾಣಂತಿಯ ಕೋಣೆಗೆ ಬಂದವರೆಲ್ಲ ಹೇಳುವುದು ಒಂದೇ: "ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಕೊಡಿ." ನಾನು ಕಂಡ ಮನೆಗಳಲ್ಲಿ ಹೆಚ್ಚಿನ ಕಡೆ ಹಾಲಿಗೇನೂ ಬರವಿರಲಿಲ್ಲ, ಕೂಸು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು.

ಮೊದಲನೆಯದು ಸುಲಭ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ. ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ, ಸೋಂಕು ತಡೆಯುವ ಪ್ರತಿಕಾಯಗಳು ಅದರಲ್ಲಿ ದಟ್ಟವಾಗಿರುತ್ತವೆ. ಸಕ್ಕರೆ ನೀರು, ಒಳಲೆಯಲ್ಲಿ ಅಳೆದು ಮಾರುವ ಕತ್ತೆ ಹಾಲು ಬೇಡ. ಜೇನಂತೂ ವರ್ಷ ತುಂಬುವವರೆಗೆ ಅಪಾಯ.

ಇನ್ನು ಹಿಡಿಸುವುದು. ಎಲ್ಲರೂ ಎಡವುವುದು ಇಲ್ಲೇ. ಬೆನ್ನಿಗೆ ದಿಂಬಿಟ್ಟು ಒರಗಿ ಕುಳಿತುಕೊಳ್ಳಿ. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ; ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ಹೊರಳಿಸಿಕೊಂಡು ನೀರು ಕುಡಿಯಲು ನಮಗೇ ಆಗುವುದಿಲ್ಲ. ಕೂಸಿನ ಮೂಗು ತೊಟ್ಟಿನ ನೇರಕ್ಕಿರಲಿ. ತೊಟ್ಟನ್ನು ಮೇಲ್ದುಟಿಗೆ ಸವರಿ ಕಾಯಿರಿ. ಆಕಳಿಸುವಷ್ಟು ಬಾಯಿ ತೆರೆದಾಗ ಕೂಸನ್ನು ಎದೆಯತ್ತ ತನ್ನಿ, ನೀವು ಬಗ್ಗಿ ಮೊಲೆಯನ್ನು ತುರುಕಬೇಡಿ. ತಲೆಯ ಹಿಂದಿನಿಂದ ಒತ್ತುವ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ. ಸರಿಯಾಗಿ ಹಿಡಿದಿದ್ದರೆ ಗದ್ದ ಮೊಲೆಗೆ ಒತ್ತಿರುತ್ತದೆ, ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಕೆನ್ನೆ ಗುಳಿಬಿದ್ದು ಲೊಚಲೊಚ ಸದ್ದಾದರೆ, ನೋವು ನಿಲ್ಲದಿದ್ದರೆ ಹಿಡಿತ ತಪ್ಪಿದೆ. ಎಳೆಯಬೇಡಿ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ನಾಲ್ಕು ಸಲವಾದರೂ ಸರಿಯೇ. ಮೊಲೆತೊಟ್ಟಿನ ಮೇಲಿಟ್ಟು ಕುಡಿಸಲೆಂದು ಅಂಗಡಿಯವನು ತೋರಿಸುವ ಸಿಲಿಕೋನ್ ತೊಟ್ಟಿಗೆ, ವೈದ್ಯರು ಹೇಳದ ಹೊರತು, ದುಡ್ಡು ಸುರಿಯಬೇಡಿ. ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಆ ಕೆಲಸವನ್ನು ಈಗ ನೆಂಟರು ಪುಕ್ಕಟೆಯಾಗಿ ಮಾಡುತ್ತಾರೆ.

ದಿನಕ್ಕೆ 8ರಿಂದ 12 ಸಲ ಕುಡಿಸಿ, ರಾತ್ರಿಯೂ. ಕುಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾದರೆ ಹೆದರಬೇಡಿ: ಗರ್ಭಕೋಶ ಕುಗ್ಗುತ್ತಿದೆ, ರಕ್ತಸ್ರಾವ ಇಳಿಯುತ್ತದೆ. ಮುಂದೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯೂ ತಗ್ಗುತ್ತದೆ. ಕೂಸಿಗೆ ಭೇದಿ, ನ್ಯುಮೋನಿಯಾ, ಕಿವಿಸೋಂಕಿನ ಕಾಟ ಕಡಿಮೆ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅಳುವನ್ನಲ್ಲ, ಒದ್ದೆ ಬಟ್ಟೆಯನ್ನು ಎಣಿಸಿ. ಐದನೆಯ ದಿನದ ನಂತರ ದಿನಕ್ಕೆ ಆರಾದರೂ ಇರಬೇಕು. ಇಲ್ಲದಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಆರು ತಿಂಗಳು ಎದೆಹಾಲು ಮಾತ್ರ. ರಾಯಚೂರಿನ ಏಪ್ರಿಲ್ ಬಿಸಿಲಲ್ಲೂ ಕೂಸಿಗೆ ನೀರು ಬೇಡ. ಬಾಣಂತಿ ನೀರು ಕುಡಿಯಬಾರದೆಂದು ಎತ್ತಿಟ್ಟ ಚೊಂಬನ್ನು ಮಾತ್ರ ಅವಳ ಕೈಗೆಟಕುವಲ್ಲಿ ಇಡಿ.